‘ಸರ್ವರ್ ಡೌನ್’ ಎಂಬುದು ಉತ್ತರವಲ್ಲ, ನುಣುಚಿಕೊಳ್ಳುವ ದಾರಿ!

ಸರ್ವರ್ ಡೌನ್, ನಾಳೆ ಬನ್ನಿ!

ಈ ನಾಲ್ಕು ಪದ ಕೇಳದ ಕನ್ನಡಿಗ ಇಂದು ಈ ನಾಡಿನಲ್ಲಿ ಯಾರಾದರೂ ಉಳಿದಿದ್ದಾನೆಯೇ? ನೋಂದಣಿ ಕಚೇರಿಗೆ ಹೋದರೆ ಇದೇ ಮಾತು. ನ್ಯಾಯಬೆಲೆ ಅಂಗಡಿಗೆ ಹೋದರೆ ಇದೇ ಮಾತು. ಬ್ಯಾಂಕಿನ ಕೌಂಟರಿನಲ್ಲೂ ಇದೇ ಮಾತು. ಹಿಂದೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎನ್ನುತ್ತಿದ್ದರು. ಸಾಹೇಬರನ್ನಾದರೆ ಸಂಜೆ ಗೇಟಿನ ಬಳಿ ಅಡ್ಡಗಟ್ಟಿ ಕೇಳಬಹುದಿತ್ತು. ಈ ಸರ್ವರ್ ಎಂಬ ಮಹಾಶಯನನ್ನು ಎಲ್ಲಿ ಅಡ್ಡಗಟ್ಟುವುದು? ಮಳೆ ಬಂತು, ಸಿಡಿಲು ಬಿತ್ತು ಎಂಬಂತೆ ಸರ್ವರ್ ಬಿತ್ತು ಎನ್ನುತ್ತಾರೆ. ನಾವೂ ದೈವಲೀಲೆ ಎಂದು ತಲೆತಗ್ಗಿಸಿ ಮನೆಗೆ ಬರುತ್ತೇವೆ. ಕೂಲಿ ಬಿಟ್ಟು ಬಂದವನ ಅಂದಿನ ದುಡಿಮೆ ಹೋಯಿತು. ಬಸ್ ಚಾರ್ಜು ಹೋಯಿತು. ಲೆಕ್ಕ ಕೇಳುವವರು ಯಾರು?

ಗೆಳೆಯರೇ, ನಾನು ಪಿಯುಸಿ ಓದಿ ಅಚ್ಚುಕೂಟ ನಡೆಸುವವನು. ಕಂಪ್ಯೂಟರ್ ಪಂಡಿತನಲ್ಲ. ಆದರೆ ಯಂತ್ರದ ಜೊತೆ ಬದುಕಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಯಾವ ಯಂತ್ರವೂ ಸುಮ್ಮನೆ ನಿಲ್ಲುವುದಿಲ್ಲ. ಒಂದು ಜಾಗದಲ್ಲಿ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಆ ಜಾಗವನ್ನು ಹುಡುಕಬಹುದು. ಹುಡುಕದೆ ‘ಡೌನ್’ ಎನ್ನುವುದು ಸೋಮಾರಿತನ. ಹುಡುಕಿಯೂ ಹೇಳದಿರುವುದು ವಂಚನೆ!

‘ಜನ ಒಟ್ಟಿಗೇ ನುಗ್ಗಿದರು ಸ್ವಾಮಿ, ನಾವೇನು ಮಾಡೋಣ?’ ಎನ್ನುತ್ತಾರೆ. ಜನ ಬರುತ್ತಾರೆ ಎಂದು ಗೊತ್ತಿದ್ದೇ ತಾನೇ ಬಾಗಿಲು ತೆರೆದದ್ದು? 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ ಹದಿನೆಂಟು ದಾಟಿದವರಿಗೆಲ್ಲ ಲಸಿಕೆಯ ನೋಂದಣಿ ಎಂದು ಸಾರಿದರು. ದೇಶವೇ ಕೋವಿನ್ ಮುಂದೆ ಕುಳಿತಿತ್ತು. ತೆರೆದ ಕೂಡಲೇ ಎಷ್ಟೋ ಜನರಿಗೆ ಪುಟ ತೆರೆಯಲಿಲ್ಲ, ಓಟಿಪಿ ಬರಲಿಲ್ಲ. ಆದರೂ ಆ ಒಂದೇ ದಿನ 1.3 ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು. ಅಂದರೆ ಎಡವಿದ ಯಂತ್ರ ಎದ್ದು ನಿಲ್ಲಬಲ್ಲದು. ಜನಸಂದಣಿ ಅಪರಾಧಿಯಲ್ಲ.

ಅಮೆರಿಕದ ಕಥೆ ಕೇಳಿ. 2013ರ ಅಕ್ಟೋಬರ್ 1ರಂದು ಅಲ್ಲಿನ ಸರಕಾರ ಆರೋಗ್ಯ ವಿಮೆಗಾಗಿ ಹೆಲ್ತ್‌ಕೇರ್ ಡಾಟ್ ಗವ್ ತಾಣ ತೆರೆಯಿತು. ಒಮ್ಮೆಗೆ 50ರಿಂದ 60 ಸಾವಿರ ಜನ ಬರಬಹುದೆಂದು ಅಂದಾಜು. ಬಂದವರು ಎರಡೂವರೆ ಲಕ್ಷ! ಮೊದಲ ದಿನ ವಿಮೆಗೆ ಸೇರಲು ಸಾಧ್ಯವಾದದ್ದು ಎಷ್ಟು ಮಂದಿಗೆ ಗೊತ್ತೇ? ಬರೀ 6 ಜನರಿಗೆ! ಕೋಟಿಗಟ್ಟಲೆ ಡಾಲರ್ ಸುರಿದ ದೊಡ್ಡಣ್ಣನ ಗತಿ ಇದು. ಬೆಲೆ ನೋಡುವ ಮೊದಲೇ ಎಲ್ಲರೂ ಖಾತೆ ತೆರೆಯಲೇಬೇಕು ಎಂದು ನಿಯಮ ಮಾಡಿದ್ದರು. ಹೀಗಾಗಿ ಊರೆಲ್ಲ ಒಂದೇ ಕಿಂಡಿಯ ಮುಂದೆ ನಿಂತಿತು.

ಆಮೇಲೆ ಬಂದ ರಿಪೇರಿ ತಂಡ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಒಳಗೆ ಎಲ್ಲಿ ಏನಾಗುತ್ತಿದೆ ಎಂದು ತೋರಿಸುವ ಮೀಟರು ಹಾಕಿದ್ದು. ಅದುವರೆಗೆ ಕುರುಡರ ಕೈಗೆ ಆನೆ ಸಿಕ್ಕಂತೆ ನಡೆದಿತ್ತು! ದಿನವೂ ಸಭೆ ಸೇರಿ, ಇಲ್ಲಿ ರಿಪೇರಿಯ ಮಾತು ಮಾತ್ರ, ತಪ್ಪು ಯಾರದು ಎಂಬ ಜಗಳ ಹೊರಗೆ ಎಂದು ಕಟ್ಟುಪಾಡು ಹಾಕಿಕೊಂಡರು. ನಾನೂರಕ್ಕೂ ಹೆಚ್ಚು ದೋಷ ತಿದ್ದಿದರು. ಎರಡೇ ತಿಂಗಳಲ್ಲಿ ಒಮ್ಮೆಗೆ 50 ಸಾವಿರ ಜನರನ್ನು ತಾಳುವ ಸ್ಥಿತಿಗೆ ತಂದರು.

ಹಾಗಾದರೆ ಹುಡುಕುವುದು ಹೇಗೆ? ಲಗ್ನದ ಸೀಜನ್ನಿನಲ್ಲಿ ಪ್ರೆಸ್ಸಿಗೆ ಬನ್ನಿ, ಕಣ್ಣಾರೆ ಕಾಣುತ್ತದೆ. ಮಷಿನ್ ಗಂಟೆಗೆ 8,000 ಹಾಳೆ ಉಗುಳುತ್ತದೆ. ಆದರೆ ಮಡಿಸುವ ಕೈ ನಾಲ್ಕೇ ಇದ್ದರೆ ರಾಶಿ ಬೀಳುವುದು ಬೈಂಡಿಂಗ್ ಮೇಜಿನ ಮುಂದೆ. ಆಗ ಇನ್ನೊಂದು ಮಷಿನ್ ತಂದರೆ ಆಗುವುದೇನು? ರಾಶಿ ಇನ್ನೂ ದೊಡ್ಡದಾಗುತ್ತದೆ, ಅಷ್ಟೆ!

ಸರ್ವರಿನ ಕಥೆಯೂ ಇದೇ. ಮುಂದೆ ಪುಟ ತೋರಿಸುವ ಯಂತ್ರ, ಹಿಂದೆ ಕಡತ ಇಟ್ಟುಕೊಂಡ ಡೇಟಾಬೇಸ್. ನಡುವೆ ಲೆಕ್ಕದ ಕೊಂಡಿಗಳು, 100 ಎಂದಿಟ್ಟುಕೊಳ್ಳಿ. ಒಂದು ಕೆಲಸಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕಾದರೆ ಸೆಕೆಂಡಿಗೆ 1,000 ಜನರ ಕೆಲಸ ಮುಗಿಯುತ್ತದೆ. ಅದೇ ಕೆಲಸಕ್ಕೆ 2 ಸೆಕೆಂಡು ಹಿಡಿದರೆ? ಬರೀ 50 ಜನ! ಕೊಂಡಿಯೂ ಅಷ್ಟೇ, ಯಂತ್ರವೂ ಅದೇ. ಸೆಕೆಂಡಿಗೆ 500 ಜನ ಬರುತ್ತಿದ್ದರೆ ಪ್ರತಿ ಸೆಕೆಂಡಿಗೂ 450 ಜನ ಬಾಗಿಲಲ್ಲಿ ಉಳಿಯುತ್ತಾರೆ. ಆಗ ಮುಂದಿನ ಯಂತ್ರದ ಮೀಟರ್ ನೋಡಿದರೆ ಅದು ಆರಾಮಾಗಿ ಕುಳಿತಿರುತ್ತದೆ, ಕಾಯುವುದೇ ಅದರ ಕೆಲಸ. ಇಲ್ಲಿ ಹತ್ತು ಹೊಸ ಸರ್ವರ್ ಕೊಂಡರೆ ಗುತ್ತಿಗೆದಾರ ಬದುಕಿಕೊಳ್ಳುತ್ತಾನೆ, ಜನ ಅಲ್ಲೇ ನಿಂತಿರುತ್ತಾರೆ!

ಆದ್ದರಿಂದ ಬಾಗಿಲಿನಿಂದ ಒಳಗೆ ಒಂದೊಂದೇ ಹೆಜ್ಜೆ ಇಡಬೇಕು. ತಾಣದ ಹೆಸರಿಗೆ ವಿಳಾಸ ಸಿಗುತ್ತಿದೆಯೇ? ಸಿಕ್ಕರೆ, ತೆರೆಯ ಮೇಲಿನ ಸಂಖ್ಯೆ ಏನು? 504 ಎಂದರೆ ಮುಂದಿನವನು ಬದುಕಿದ್ದಾನೆ, ಹಿಂದಿನವನು ಸಮಯಕ್ಕೆ ಉತ್ತರ ಕೊಟ್ಟಿಲ್ಲ. 503 ಎಂದರೆ ಸದ್ಯಕ್ಕೆ ಕೈಲಾಗದು. 429 ಎಂದರೆ ನೀನು ಅತಿಯಾಗಿ ಕೇಳುತ್ತಿದ್ದೀಯ. ಸಂಖ್ಯೆಯೇ ಬಾರದೆ ಸುಮ್ಮನೆ ಸುತ್ತುತ್ತಿದ್ದರೆ ದಾರಿಯನ್ನೂ ಬಾಗಿಲಿನ ಸರದಿಯನ್ನೂ ನೋಡಬೇಕು. ಲಿನಕ್ಸ್‌ನಲ್ಲಿ ಈ ಸರದಿಯ ಮಿತಿ ಮೊದಲಿನಿಂದ ಬಂದ ಲೆಕ್ಕದಲ್ಲಿ 128 ಮಾತ್ರ ಇತ್ತು. 2019ರ 5.4ನೇ ಆವೃತ್ತಿಯಲ್ಲಿ ಅದನ್ನು 4096ಕ್ಕೆ ಏರಿಸಿದರು. ಬಾಗಿಲು ಸರಿಯಿದ್ದರೆ ಡೇಟಾಬೇಸ್. ಅದೂ ಸರಿಯಿದ್ದರೆ ಓಟಿಪಿ ಕಳಿಸುವವರು, ಹಣ ಕಟ್ಟಿಸಿಕೊಳ್ಳುವವರು. ಒಮ್ಮೆಗೆ ಒಂದನ್ನೇ ತಿದ್ದಬೇಕು. ಬಣ್ಣ ಕೆಟ್ಟಾಗ ಇಂಕು, ನೀರು, ಪ್ರೆಷರ್ ಮೂರನ್ನೂ ಒಟ್ಟಿಗೆ ತಿರುಗಿಸಿದವನಿಗೆ ದೋಷ ಯಾವುದೆಂದು ಯಾವ ಕಾಲಕ್ಕೂ ತಿಳಿಯುವುದಿಲ್ಲ.

ನಮ್ಮ ಬೆರಳಿಗೂ ಒಂದು ಮಾತು. ಪುಟ ಬಾರದಿದ್ದರೆ ಹತ್ತು ಸಲ ಒತ್ತುತ್ತೇವೆ. ಒಬ್ಬ ಹತ್ತು ಜನರಾಗುತ್ತಾನೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ನಿಂತುಹೋಯಿತು. ಕಾರಣ ಜನಸಂದಣಿಯಲ್ಲ, ದುರಸ್ತಿ ವೇಳೆ ಅವರೇ ಕೊಟ್ಟ ಒಂದು ಆದೇಶ. ಆದರೆ ಫೋನುಗಳೂ ಜನರೂ ಮತ್ತೆ ಮತ್ತೆ ಕೇಳಿದ್ದರಿಂದ, ಹೆಸರಿಗೆ ವಿಳಾಸ ಹುಡುಕಿಕೊಡುವ ಕ್ಲೌಡ್‌ಫ್ಲೇರ್‌ನ ಯಂತ್ರಗಳಿಗೆ ಎಂದಿನ 30 ಪಟ್ಟು ಪ್ರಶ್ನೆಗಳು ಬಂದವು. ಸೋತವನು ಪ್ರತಿ ಸಲವೂ ಹೆಚ್ಚು ಹೊತ್ತು ಕಾದು ಕೇಳುವಂತೆ ಆಪ್ ಬರೆಯುವುದು ಬರೆದವನ ಹೊಣೆ.

ಈಗ ನಮ್ಮ ಮನೆಯ ಮಾತು. ಆಸ್ತಿ ನೋಂದಣಿಯ ಕಾವೇರಿ 2.0. 2025ರ ಜನವರಿಯಲ್ಲಿ ಅದು ಕುಸಿದಾಗ ಮನೆ, ನಿವೇಶನ ನೋಂದಾಯಿಸಲು ಬಂದವರು ಕಂಗಾಲಾದರು. ಬಗೆದು ನೋಡಿದರೆ ಸಿಕ್ಕಿದ್ದೇನು? ಋಣಭಾರ ಪತ್ರ ಹುಡುಕುವ ಕಿಂಡಿಗೆ ಎರಡು ಗಂಟೆಯಲ್ಲಿ 6.2 ಲಕ್ಷ ಕಳ್ಳ ಕೋರಿಕೆಗಳು! ಬಂದದ್ದು 62 ಇಮೇಲ್ ಖಾತೆಗಳಿಂದ, 14 ವಿಳಾಸಗಳಿಂದ. ಸೈಬರ್ ಪೊಲೀಸರಿಗೆ ದೂರು ಹೋಯಿತು. ನೋಡಿ ಗೆಳೆಯರೇ, ಹೊರಗಿನಿಂದ ಜನಸಂದಣಿಯಂತೆ ಕಂಡದ್ದು ದಾಳಿಯಾಗಿತ್ತು. ದಾಖಲೆ ತೆರೆದು ಎಣಿಸಿದ್ದರಿಂದ ತಾನೇ ಇದು ಗೊತ್ತಾಗಿದ್ದು? ‘ಡೌನ್’ ಎಂದು ಕೈತೊಳೆದುಕೊಂಡಿದ್ದರೆ ಇಂದಿಗೂ ಜನರನ್ನೇ ಬೈಯುತ್ತಿದ್ದರು! ಆದರೆ ಹದಿನಾಲ್ಕು ವಿಳಾಸಗಳು ಒಂದು ನಾಡಿನ ನೋಂದಣಿಯನ್ನೇ ನಿಲ್ಲಿಸುವಷ್ಟು ಬಾಗಿಲು ಸಡಿಲವಾಗಿದ್ದೇಕೆ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಒಬ್ಬನೇ ಸಾವಿರ ಸಲ ಕೈಯೊಡ್ಡಿದರೆ ತಡೆಯುವ ಮಿತಿ ಹೊಸ ವಿದ್ಯೆಯೇನಲ್ಲ.

ನಮ್ಮ ಬೇಡಿಕೆಗಳು ಸರಳ. ಯಾವುದೇ ಯೋಜನೆಯ ಬಾಗಿಲು ತೆರೆಯುವ ಮೊದಲು ಸುಳ್ಳು ಜನಸಂದಣಿ ಹರಿಸಿ ಯಂತ್ರವನ್ನು ಪರೀಕ್ಷಿಸಲಿ. ತಾಳಲಾರದಷ್ಟು ಜನ ಬಂದರೆ ಎಲ್ಲರನ್ನೂ ಬೀಳಿಸುವ ಬದಲು ಟೋಕನ್ ಕೊಟ್ಟು ಸರದಿಯಲ್ಲಿ ನಿಲ್ಲಿಸಲಿ. ಕೆಟ್ಟಾಗ ಇಂಗ್ಲಿಷಿನ ಒಂದು ಸಾಲು ಎಸೆಯದೆ, ಏನು ಕೆಟ್ಟಿದೆ, ಎಷ್ಟು ಹೊತ್ತಿಗೆ ಸರಿಯಾದೀತು ಎಂದು ಕನ್ನಡದಲ್ಲಿ ಹೇಳಲಿ. ಸರಿಯಾದ ಮೇಲೆ ಕಾರಣವನ್ನು ಬರೆದು ಪ್ರಕಟಿಸಲಿ. ಅಂದು ಬಂದು ಹಿಂತಿರುಗಿದವನಿಗೆ ಮರುದಿನ ಮೊದಲ ಸರದಿ ಸಿಗಲಿ.

ಬೆಂಗಳೂರಿನಲ್ಲಿ ಕುಳಿತು ಜಗತ್ತಿನ ಸರ್ವರುಗಳನ್ನು ರಾತ್ರಿಯಿಡೀ ಕಾಯುವ ಹುಡುಗ ಹುಡುಗಿಯರು ನೀವು. ಪರದೇಶದ ಗಿರಾಕಿಗೆ ಐದು ನಿಮಿಷ ತಡವಾದರೆ ಕಾರಣ ಬರೆದುಕೊಡುತ್ತೀರಿ. ನಿಮ್ಮೂರಿನ ರೈತ ಇಡೀ ದಿನ ಕಾದು ಬರಿಗೈಯಲ್ಲಿ ಹೋದರೆ ಅವನಿಗೆ ಕಾರಣ ಬೇಡವೇ? ನಿಮ್ಮ ವಿದ್ಯೆ ಅವನ ಪರವಾಗಿ ಒಂದು ಪ್ರಶ್ನೆಯನ್ನಾದರೂ ಕೇಳಲಿ: ಸ್ವಾಮಿ, ಸಿಕ್ಕಿಹಾಕಿಕೊಂಡಿರುವುದು ಎಲ್ಲಿ? ತೋರಿಸಿ!