ಷಾರ್ಟ್‌ಸ್ಟಾಪರಲ್ಲಿ ಅಗ್ರಗಣ್ಯನಾರು?

ಅಮೆರಿಕದ ಬೇಸ್‌ಬಾಲ್ ಆಟವನ್ನು ನಮ್ಮ ವಾಚಕರಲ್ಲಿ ಹಲವರು ಕಣ್ಣಾರೆ ಕಂಡಿರಲಾರರು. ಆದರೂ ಆ ದೇಶದ ಕ್ರೀಡಾಪ್ರಿಯರಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಾದವು ತರ್ಕಾಭ್ಯಾಸಿಗಳಿಗೆ ರುಚಿಸತಕ್ಕದ್ದಾಗಿದೆ. ಷಾರ್ಟ್‌ಸ್ಟಾಪ್ ಎಂಬ ಸ್ಥಾನದಲ್ಲಿ ಆಡಿದವರೊಳಗೆ ಶ್ರೇಷ್ಠನು ಯಾರು?

ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ಈತನು ನಿಲ್ಲುವನು. ಬಲಗೈಯವರು ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತ ಬಹಳಮಟ್ಟಿಗೆ ಇತ್ತ ಕಡೆಗೇ ನುಗ್ಗುವುದು. ಹೊಡೆದವನು 90 ಅಡಿ ಓಡಿ ಮೊದಲನೆಯ ಬೇಸನ್ನು ಮುಟ್ಟುವುದರೊಳಗಾಗಿ ಈತನು ಚೆಂಡನ್ನು ಹಿಡಿದು ಅಲ್ಲಿಗೆ ಎಸೆಯಬೇಕು. ಕ್ಷಣಮಾತ್ರ ತಡವರಿಸಿದರೂ ಕೆಟ್ಟಿತು.

ಹೆಚ್ಚಿನವರು ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರನನ್ನು ಮುಂದಿಡುವರು. ಆತನು ಹೊಡೆತದ ಸರಾಸರಿಯಲ್ಲಿ ತನ್ನ ಲೀಗಿಗೆ 8 ಸಾರಿ ಮೊದಲಿಗನಾದನು; ಕೂಪರ್ಸ್‌ಟೌನಿನ ಕೀರ್ತಿಭವನಕ್ಕೆ 1936 ರಲ್ಲಿ ಆರಿಸಲ್ಪಟ್ಟ ಮೊದಲ ಐವರಲ್ಲಿ ಒಬ್ಬನು. ಪ್ರತಿಪಕ್ಷದವರು ಆಜಿ ಸ್ಮಿತ್ತನ ಹೆಸರನ್ನೆತ್ತುವರು. 19 ವರ್ಷ ಆಡಿದರೂ ಆತನ ಹೋಮ್ ರನ್‌ಗಳು 28 ಮಾತ್ರ. ಆದರೆ ಚೆಂಡು ತಡೆಯುವ ನೈಪುಣ್ಯಕ್ಕೆ ಸಲ್ಲುವ ಚಿನ್ನದ ಕೈಗವಸಿನ ಪಾರಿತೋಷಕವು 1980 ರಿಂದ 1992 ರವರೆಗೆ ಪ್ರತಿವರ್ಷವೂ ಅವನದಾಯಿತು. ಗಳಿಸಿದ ಓಟಗಳನ್ನು ಎಣಿಸಬಹುದು. ತಡೆದ ಓಟಗಳನ್ನು ಎಣಿಸುವ ಬಗೆ ಹೇಗೆ? ಸತತ 2,632 ಪಂದ್ಯಗಳನ್ನಾಡಿದ ಕಾಲ್ ರಿಪ್ಕೆನನ ಪಕ್ಷಪಾತಿಗಳೂ ಉಂಟು. ದೇಹದಾರ್ಢ್ಯವು ಸ್ತುತ್ಯವೇ, ಆದರೆ ಅದೊಂದೇ ಕೌಶಲವೆನಿಸದು.

ನನಗೆ ತೋರುವಂತೆ ನಿಜವಾದ ತೊಡಕು ಬೇರೆಡೆಯಲ್ಲಿದೆ. 1884 ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಜಾನ್ ಹೆನ್ರಿ ಲಾಯ್ಡನನ್ನು ಜನರು ‘ಕಪ್ಪು ವ್ಯಾಗ್ನರ್’ ಎನ್ನುತ್ತಿದ್ದರು. (ಹೊಗಳುವಾಗಲೂ ಆತನ ಸ್ವಂತ ಹೆಸರು ಸಾಲದೆ ಹೋಯಿತು!) ವ್ಯಾಗ್ನರನ ಲೀಗಿನೊಳಕ್ಕೆ ಆತನಿಗೆ ಪ್ರವೇಶವಿರಲಿಲ್ಲ. ಬರೆದಿಟ್ಟ ಕಟ್ಟಳೆಯಿಂದಲ್ಲ, ತಂಡಗಳ ಒಡೆಯರ ಒಳ ಒಪ್ಪಂದದಿಂದ ಕಪ್ಪುವರ್ಣದವರನ್ನು ಹೊರಗಿಟ್ಟಿದ್ದರು. ಜಾಕಿ ರಾಬಿನ್ಸನನು 1947 ರಲ್ಲಿ ಆ ಬೇಲಿಯನ್ನು ದಾಟಿದಾಗ ಲಾಯ್ಡನಿಗೆ ಅರುವತ್ತು ಮೀರಿತ್ತು. 1920 ರಿಂದ 1948 ರವರೆಗಿನ ನೀಗ್ರೋ ಲೀಗುಗಳ ಅಂಕಿಗಳನ್ನು 2024 ರಲ್ಲಿ ದೊಡ್ಡ ಲೀಗುಗಳ ದಾಖಲೆಗೆ ಸೇರಿಸಿದರು. ಒಳ್ಳೆಯದೇ ಆಯಿತು. ಆದರೆ 1920 ರ ವೇಳೆಗೆ ಲಾಯ್ಡನಿಗೆ 36 ವರ್ಷ. ಆತನ ತಾರುಣ್ಯದ ಆಟವೆಲ್ಲ ಆ ದಾಖಲೆಯ ಹೊರಗೇ ಉಳಿಯಿತು.

ಬರೆದಿಟ್ಟ ಲೆಕ್ಕವನ್ನೇ ಪ್ರಮಾಣವೆನ್ನುವುದಾದರೆ ವ್ಯಾಗ್ನರನಿಗೇ ಅಗ್ರಪೂಜೆ ಸಲ್ಲಬೇಕು. ಆದರೆ ಒಬ್ಬ ವಿದ್ಯಾರ್ಥಿಯನ್ನು ಪರೀಕ್ಷೆಯ ಕೊಠಡಿಗೇ ಬಿಡದೆ ಇನ್ನೊಬ್ಬನ ಹೆಸರಿನ ಮುಂದೆ ‘ಪ್ರಥಮ’ ಎಂದು ಬರೆಯಲು ಈ ಹಳೆಯ ಉಪಾಧ್ಯಾಯನಿಗೆ ಕೈ ಏಳದು. ಕೀರ್ತಿಭವನದ ಬಾಗಿಲು ಲಾಯ್ಡನಿಗೆ ತೆರೆದುದು 1977 ರಲ್ಲಿ. ಆತನು ತೀರಿಕೊಂಡು ಆಗಲೇ 13 ವರ್ಷಗಳು ಕಳೆದಿದ್ದುವು.