ಬಾಗಿಲೇನೋ ತೆರೆದಿದೆ, ಕೀಲಿ ಯಾರ ಕೈಲಿದೆ?

2022ರ ಮಾರ್ಚ್ 19. ಅಮೆರಿಕದ ಮಿನ್ನೆಸೋಟ ರಾಜ್ಯದ ಮಂಕೇಟೊದಲ್ಲಿ ಕಾಲೇಜು ಪುರುಷರ ಐಸ್ ಹಾಕಿ, ಸಿಸಿಎಚ್‌ಎ ಕಾನ್ಫರೆನ್ಸ್‌ನ ಫೈನಲ್. ಮಿನ್ನೆಸೋಟ ಸ್ಟೇಟ್ ತಂಡ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಗೆದ್ದಿತು, ಕುಣಿದಾಡಿತು. ಜನ ಮನೆಗೂ ಹೊರಟರು. ಆಮೇಲೆ ವಿಡಿಯೋ ನೋಡಿದರೆ, ಚೆಂಡಿನ ಬದಲು ಬಳಸುವ ಆ ರಬ್ಬರ್ ಬಿಲ್ಲೆ ಒಳಗೆ ಹೋಗಿದ್ದು ಗೋಲಿನ ಚೌಕಟ್ಟಿನ ಅಡಿಯಿಂದ! ಸುಮಾರು ಒಂದು ಗಂಟೆಯ ನಂತರ ಎರಡೂ ತಂಡಗಳನ್ನು ವಾಪಸ್ ಕರೆದು ಆಟ ಮುಂದುವರಿಸಿದರು. ಮಿನ್ನೆಸೋಟ ಸ್ಟೇಟ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಗೆದ್ದವರೇ ಮತ್ತೆ ಗೆದ್ದ ಮೇಲೆ ಇಷ್ಟೆಲ್ಲ ಯಾಕೆ ಅಂತೀರಾ? ಎದುರಾಳಿ ಬೆಮಿಜಿ ಸ್ಟೇಟ್‌ಗೆ ಉಳಿದಿದ್ದು ಅದೊಂದೇ ದಾರಿ. ರಾಷ್ಟ್ರೀಯ ಟೂರ್ನಿಯಲ್ಲಿ ಇರೋದು 16 ಸ್ಥಾನ. ಆರು ಕಾನ್ಫರೆನ್ಸ್‌ಗಳ ಚಾಂಪಿಯನ್ನರಿಗೆ ನೇರ ಪ್ರವೇಶ. ಉಳಿದ 10 ಸ್ಥಾನ ಇಡೀ ಋತುವಿನ ಅಂಕಗಳ ಲೆಕ್ಕದಲ್ಲಿ ಹಂಚಿಕೆ. ಆ ಲೆಕ್ಕದಲ್ಲಿ ಹಿಂದೆ ಬಿದ್ದ ಸಣ್ಣ ಕಾಲೇಜಿಗೆ ಕಾನ್ಫರೆನ್ಸ್ ಟೂರ್ನಿಯೇ ಕೊನೆಯ ಬಾಗಿಲು.

ಇದು ಬರೀ ಸಮಾಧಾನದ ಮಾತಲ್ಲ. ಇದೇ ಬೆಮಿಜಿ 2009ರಲ್ಲಿ ನಾಲ್ಕೇ ತಂಡಗಳಿದ್ದ ಪುಟ್ಟ ಕಾನ್ಫರೆನ್ಸ್ ಗೆದ್ದು, ಪಟ್ಟಿಯ ಕೊನೆಯ ತಂಡವಾಗಿ ಒಳಬಂತು. ನೋತ್ರ್ ಡೇಮ್, ಕಾರ್ನೆಲ್ ತಂಡಗಳನ್ನು ಸೋಲಿಸಿ ಸೆಮಿಫೈನಲ್ ತಲುಪಿತು.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ. ಕಾನ್ಫರೆನ್ಸ್ ಅಂದರೆ ಕಾಲೇಜುಗಳು ತಾವೇ ಕೂಡಿ ಕಟ್ಟಿಕೊಂಡ ಲೀಗ್. ಯಾರನ್ನು ಸೇರಿಸಿಕೊಳ್ಳಬೇಕು ಅನ್ನೋದೂ ಅವರದೇ ತೀರ್ಮಾನ. 2019ರಲ್ಲಿ ಬೆಮಿಜಿ, ಮಿನ್ನೆಸೋಟ ಸ್ಟೇಟ್ ಸೇರಿ ಏಳು ಕಾಲೇಜುಗಳು ಡಬ್ಲ್ಯುಸಿಎಚ್‌ಎ ಎಂಬ ಹಳೆಯ ಕಾನ್ಫರೆನ್ಸ್ ಬಿಡುವುದಾಗಿ ಘೋಷಿಸಿದವು. 2021ರಲ್ಲಿ ಸಿಸಿಎಚ್‌ಎ ಹೆಸರಿಗೆ ಮರುಜೀವ ಕೊಟ್ಟು ಒಟ್ಟಾದವು. ಹಿಂದೆ ಉಳಿದದ್ದು ಮೂರು: ಅಲಾಸ್ಕದ ಎರಡು, ಅಲಬಾಮದ ಹಂಟ್ಸ್‌ವಿಲ್ ಒಂದು. ಮೂರೂ ದೂರದ ಊರುಗಳು, ಪ್ರಯಾಣದ ಖರ್ಚು ವಿಪರೀತ. ಹೊರಟವರ ಲೆಕ್ಕ ಸುಳ್ಳೇನಲ್ಲ. ಅವೂ ಶ್ರೀಮಂತ ಕಾಲೇಜುಗಳಲ್ಲ.

ಪರಿಣಾಮ? ಹಂಟ್ಸ್‌ವಿಲ್ ತಂಡ 2021ರಲ್ಲಿ ನಿಂತೇ ಹೋಯಿತು. ಅಲಾಸ್ಕದ ಫೇರ್‌ಬ್ಯಾಂಕ್ಸ್ ತಂಡ ಯಾವ ಕಾನ್ಫರೆನ್ಸೂ ಇಲ್ಲದೆ ಆಡಿ, 2023ರಲ್ಲಿ 22 ಪಂದ್ಯ ಗೆದ್ದರೂ ಕೂದಲೆಳೆ ಅಂತರದಲ್ಲಿ ರಾಷ್ಟ್ರೀಯ ಟೂರ್ನಿ ತಪ್ಪಿಸಿಕೊಂಡಿತು. ಅದಕ್ಕೆ ಗೆಲ್ಲಲು ಕಾನ್ಫರೆನ್ಸ್ ಟೂರ್ನಿಯೇ ಇರಲಿಲ್ಲವಲ್ಲ!

ಮಂಕೇಟೊದಲ್ಲಿ ಮೈದಾನದೊಳಗಿನ ನ್ಯಾಯಕ್ಕಾಗಿ ಮುಗಿದ ಫೈನಲ್ಲನ್ನೇ ಮತ್ತೆ ಆಡಿಸಿದರು. ಅದು ಮೆಚ್ಚುವ ಕೆಲಸವೇ. ಆದರೆ ಮೈದಾನಕ್ಕೆ ಕಾಲಿಡೋರು ಯಾರು ಅಂತ ಮೀಟಿಂಗ್ ಕೋಣೆಯಲ್ಲಿ ತೀರ್ಮಾನವಾದಾಗ ಅದನ್ನು ಮರುಪರಿಶೀಲಿಸುವ ವಿಡಿಯೋ ಯಾವುದೂ ಇರಲ್ಲ. 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆಟಗಾರರ ಮಟ್ಟಿಗೆ ಇದು ನ್ಯಾಯವೇ. ಆದರೆ ಖರ್ಚು ಏರಿದಷ್ಟೂ ‘ದೂರದವರು ನಮಗ್ಯಾಕೆ’ ಅನ್ನುವ ಲೆಕ್ಕಾಚಾರ ಗಟ್ಟಿಯಾಗುತ್ತೆ. ಸಣ್ಣವರಿಗೆ ನೇರ ಪ್ರವೇಶ ಉಳಿಸಿದರಷ್ಟೇ ಸಾಲದು, ಲೀಗಿನಲ್ಲಿ ಜಾಗವನ್ನೂ ಖಾತ್ರಿಪಡಿಸಬೇಕು. ಇಲ್ಲದಿದ್ದರೆ ಅದು ಒಳಗಿರುವವರಿಗೆ ಮಾತ್ರ ತೆರೆಯುವ ಬಾಗಿಲು.