ಮನೆ ಯಾರಿಗೆಂದು ಊರೇ ಹೇಳಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವ ಹಳ್ಳಿಗಾದರೂ ಹೋಗಿ, ಸೂರಿಲ್ಲದವರು ಯಾರೆಂದು ಕೇಳಿ. ಮಣ್ಣಿನ ಮಾಳಿಗೆ ಕುಸಿದು ಪತ್ರಾಸಿನ ಕೆಳಗೆ ದಿನ ನೂಕುತ್ತಿರುವವರ ಹೆಸರನ್ನು ಓಣಿಯ ಮಕ್ಕಳೂ ಹೇಳುತ್ತಾರೆ. ಅದಕ್ಕೆ ಬೆಂಗಳೂರಿನ ಕಡತವೂ ಬೇಡ, ಶಾಸಕರ ಶಿಫಾರಸು ಪತ್ರವೂ ಬೇಡ. ಆದರೂ ಬಡವರ ಮನೆ ಇವೆರಡರ ನಡುವೆಯೇ ಸಿಕ್ಕಿಕೊಂಡಿದೆ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಹೆಸರಿನ ವಸತಿ ಯೋಜನೆಯಲ್ಲಿ ಫಲಾನುಭವಿಯನ್ನು ಆರಿಸಬೇಕಾದದ್ದು ಗ್ರಾಮಸಭೆ. ಎಷ್ಟು ಮನೆ ಎಂಬ ಗುರಿ ಮಾತ್ರ ಮೇಲಿನಿಂದ ಬರುತ್ತದೆ. ಬೇಡಿಕೆ ಬೆಟ್ಟದಷ್ಟಿದ್ದು ಗುರಿ ಬೆರಳೆಣಿಕೆಯಷ್ಟಾದಾಗ ವಶೀಲಿಗೆ ಬಾಗಿಲು ತೆರೆಯುತ್ತದೆ. 2025ರ ಜೂನ್‌ನಲ್ಲಿ ನೆರೆಯ ಕಲಬುರಗಿ ಜಿಲ್ಲೆಯ ಆಳಂದ ಶಾಸಕ ಬಿ.ಆರ್. ಪಾಟೀಲರು, ಹಣ ಕೊಟ್ಟವರಿಗೆ ಮನೆ ಮಂಜೂರಾಗುತ್ತಿದೆ, ತಮ್ಮ ಪತ್ರಕ್ಕೆ ಬೆಲೆಯಿಲ್ಲ ಎಂದು ಆರೋಪಿಸಿದರು. ಅವರು ಆಡಳಿತ ಪಕ್ಷದವರೇ. ವಸತಿ ಸಚಿವರು ಆರೋಪವನ್ನು ಅಲ್ಲಗಳೆದರು. ಲಂಚದ ಆರೋಪಕ್ಕೆ ತನಿಖೆ ಬೇಕು, ನಿಜ. ಆದರೆ ಗ್ರಾಮಸಭೆ ಇರುವಾಗ ಶಾಸಕರ ಪತ್ರವಾದರೂ ಏಕೆ ಬೇಕು? ಎಲ್ಲ ಪಕ್ಷಗಳೂ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇದು.

ಪಟ್ಟಣಗಳ ಕಥೆಯೂ ಇದೇ. ಅಲ್ಲಿ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ವಾರ್ಡಿನ ಸದಸ್ಯರು ಅರ್ಜಿ ಹಿಡಿದು ಅವರ ಮನೆ ಮುಂದೆ ನಿಲ್ಲಬೇಕು. 2018ರಲ್ಲಿ ಚುನಾವಣೆ ಕಂಡ ರಾಜ್ಯದ ಅನೇಕ ಪುರಸಭೆಗಳಿಗೆ ಮೀಸಲಾತಿ ವ್ಯಾಜ್ಯದಿಂದ 2020ರವರೆಗೆ ಅಧ್ಯಕ್ಷರೇ ಇರಲಿಲ್ಲ. ಗೆದ್ದವರು ಮನೆಯಲ್ಲಿ ಕೂತರು, ಆಡಳಿತಾಧಿಕಾರಿ ಸಹಿ ಹಾಕಿದರು.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಆಗಿರುವುದು ಇನ್ನೂ ದೊಡ್ಡ ಅನ್ಯಾಯ. ಅವುಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆಯಾಗಿ 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳೇ ಉರುಳಿದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಒತ್ತಿ ಹೇಳಿದೆ. ಕೋವಿಡ್ ನೆಪವೂ ನಿಲ್ಲದು. 2020ರ ಡಿಸೆಂಬರ್‌ನಲ್ಲಿ, ಸೋಂಕಿನ ಕಾಲದಲ್ಲೇ, ನಮ್ಮ ಗ್ರಾಮ ಪಂಚಾಯಿತಿಗಳಿಗೆ ಮತದಾನ ನಡೆಯಿತಲ್ಲ? ಆಗಿನ ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1987ರಲ್ಲೇ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ ದೇಶಕ್ಕೆ ದಾರಿ ತೋರಿದ ರಾಜ್ಯಕ್ಕೆ ಇದು ನಾಚಿಕೆಗೇಡು.

ಗ್ರಾಮ ಪಂಚಾಯಿತಿ ಸದಸ್ಯರೇನು ಸಾಚಾಗಳೇ, ತಮ್ಮವರಿಗೇ ಮನೆ ಹಂಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಂಚುವವರು ಖಂಡಿತ ಇದ್ದಾರೆ. ಆದರೆ ಸದಸ್ಯನನ್ನು ಚಾವಡಿ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಬಹುದು. ಬೆಂಗಳೂರಿನ ಅಧಿಕಾರಿಯನ್ನು ಹಾಗೆ ಕೇಳುವವರು ಯಾರು? ಹಳ್ಳಿಯ ತಪ್ಪನ್ನು ತಿದ್ದಬೇಕಾದ ತಾಲ್ಲೂಕು ಪಂಚಾಯಿತಿಯನ್ನೇ ಖಾಲಿ ಬಿಟ್ಟು, ಹಳ್ಳಿ ಕೆಟ್ಟಿದೆ ಎನ್ನುವುದು ಎಂಥ ನ್ಯಾಯ?

ಗ್ರಾಮಸಭೆಯೂ ನೆಟ್ಟಗಾಗಬೇಕು. ಮನೆ ಅತ್ಯಗತ್ಯವಾಗಿರುವ ಎಷ್ಟೋ ಕುಟುಂಬಗಳು, ತಾಂಡಾಗಳ ಲಂಬಾಣಿಗಳೂ ಸೇರಿ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಗುಳೆ ಹೋಗುತ್ತವೆ. ಆಗ ಸಭೆ ನಡೆಸಿ, ಬಂದವರ ಸಹಿ ಪಡೆದು ಪಟ್ಟಿ ಮುಗಿಸಿದರೆ ಬಿಟ್ಟುಹೋಗುವವರು ಅವರೇ. ಬುನಾದಿ, ಲಿಂಟಲ್, ಛಾವಣಿ ಎಂದು ಹಂತಹಂತಕ್ಕೆ ಫೋಟೊ ತೆಗೆಸಿ ಬಿಲ್ಲಿಗೆ ಕಾಯುವಷ್ಟು ದಿನ ಕೂಲಿ ಬಿಟ್ಟು ಊರಲ್ಲಿ ಕೂರಲು ಅವರಿಗಾಗದು.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಶಾಸಕರು ಪಕ್ಷ ಮರೆತು ಸದನದಲ್ಲಿ ಮೂರು ಮಾತು ಆಡಲಿ. ಆಶ್ರಯ ಸಮಿತಿಯ ಅಧ್ಯಕ್ಷತೆ ಪುರಸಭೆಗೆ ಬರಲಿ. ಗುಳೆ ಹೋದವರು ಮರಳಿದ ಮೇಲೆ ಗ್ರಾಮಸಭೆ ನಡೆದು, ಅರ್ಜಿದಾರರ ಇಡೀ ಪಟ್ಟಿ ಪಂಚಾಯಿತಿ ಗೋಡೆಯ ಮೇಲೆ ಕಾಣಲಿ. ಬಾಕಿ ಉಳಿದ ಪಂಚಾಯಿತಿ ಚುನಾವಣೆಗಳು ಇನ್ನೊಂದು ನೆಪಕ್ಕೆ ಕಾಯದೆ ನಡೆಯಲಿ. ಇದರಿಂದ ಶಾಸಕರ ಕೈಯಲ್ಲಿರುವ ಅಧಿಕಾರ ಕಡಿಮೆಯಾಗುತ್ತದೆ, ಸಂಶಯವಿಲ್ಲ. ಹಳ್ಳಿಯ ಮಟ್ಟಿಗಂತೂ ಕಾನೂನಿನ ಪ್ರಕಾರ ಅದು ಊರಿನವರದೇ.